ಎರಡನೇ ಪಂಕ್ಚರ್ ಆಗದ ಹಾಗೆ ಟ್ಯೂಬ್ ಬದಲಿಸಿ

ಹೊಸದಾಗಿ ರೋಡ್ ಬೈಕ್ ಕೊಂಡವರು ನಮ್ಮ ಭಾನುವಾರದ ಗುಂಪಿಗೆ ಆಗಾಗ ಬಂದು ಸೇರುತ್ತಾರೆ. ಮೊದಲ ವಾರ 20 ಕಿ.ಮೀ., ಆಮೇಲೆ 40. ಎರಡು ಮೂರು ತಿಂಗಳಾಗುವಷ್ಟರಲ್ಲಿ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿ ಬರುವಷ್ಟು ಕಾಲು ಗಟ್ಟಿಯಾಗಿರುತ್ತದೆ. ಆದರೆ ಕಾಲು ಪಳಗಿದಷ್ಟು ಬೇಗ ಕೈ ಪಳಗಿರುವುದಿಲ್ಲ. ಟ್ಯೂಬ್ ಬದಲಿಸುವುದನ್ನು ಮೊಬೈಲಿನಲ್ಲಿ ನೋಡಿರುತ್ತಾರೆ, ಕೈಯಾರೆ ಮಾಡಿರುವುದಿಲ್ಲ.

ಒಂದು ಭಾನುವಾರ ದೇವನಹಳ್ಳಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಹುಡುಗನೊಬ್ಬ ಕೂತಿದ್ದ. ಅವತ್ತು ಅವನ ಮೊದಲ 100 ಕಿ.ಮೀ. ಸವಾರಿ. ಪಕ್ಕದಲ್ಲಿ ಎರಡು ಟ್ಯೂಬ್ ಬಿದ್ದಿದ್ದವು. "ಅಣ್ಣಾ, ಹೊಸ ಟ್ಯೂಬೂ ಹೋಯ್ತು. ಅಂಗಡಿಯವ್ರು ಹಳೇ ಮಾಲು ಕೊಟ್ಟಿರ್ಬೇಕು" ಅಂದ. ಎರಡಕ್ಕೂ ಗಾಳಿ ಹೊಡೆದು ಪಕ್ಕಪಕ್ಕ ಹಿಡಿದು ನೋಡಿದೆವು. ವಾಲ್ವ್‌ನಿಂದ ಗೇಣು ಹಾಕಿ ಅಳೆದರೆ ಎರಡರಲ್ಲೂ ತೂತು ಒಂದೇ ಜಾಗದಲ್ಲಿತ್ತು. ಟ್ಯೂಬಿನದು ಏನೂ ತಪ್ಪಿರಲಿಲ್ಲ. ಮೊದಲನೆಯದನ್ನು ಚುಚ್ಚಿದ್ದು ಇನ್ನೂ ಟೈರಿನೊಳಗೇ ಕೂತಿತ್ತು.

ಮೊದಲ ಪಂಕ್ಚರ್ ರಸ್ತೆಯಿಂದ ಬರುತ್ತದೆ. ಎರಡನೆಯದನ್ನು ಹೆಚ್ಚಿನ ಸಲ ನಾವೇ ಮಾಡಿಕೊಳ್ಳುತ್ತೇವೆ. ಅದನ್ನು ತಪ್ಪಿಸುವುದು ಹೇಗೆ ಅನ್ನುವುದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸೀಟಿನ ಕೆಳಗಿನ ಚೀಲದಲ್ಲಿ

ಎರಡು ಟ್ಯೂಬ್, ಟೈರ್ ಎಬ್ಬಿಸುವ ಎರಡು ಪ್ಲಾಸ್ಟಿಕ್ ಮೀಟುಕಡ್ಡಿ (ಟೈರ್ ಲಿವರ್), ಒಂದು ಸಣ್ಣ ಪಂಪು, ಪ್ಯಾಚ್ ಕಿಟ್, ಹಿಡಿಯಷ್ಟು ಹತ್ತಿ, ಒಂದು ನೇಲ್ ಕಟರ್. ಟ್ಯೂಬ್ ಕೊಳ್ಳುವಾಗ ಟೈರಿನ ಅಳತೆ ನೋಡಿ. 700x28 ಅಂದರೆ 28 ಮಿ.ಮೀ. ಅಗಲದ ಟೈರಿಗೆ 28 ಅನ್ನೂ ಒಳಗೊಂಡ ಟ್ಯೂಬ್ ಬೇಕು, ಡಬ್ಬಿಯ ಮೇಲೆ 25-32 ಅಂತ ಬರೆದಿರುತ್ತದೆ. ವಾಲ್ವ್ ಉದ್ದವನ್ನೂ ನೋಡಿ. ಸಾಧಾರಣ ರಿಮ್ಮಿಗೆ 48 ಮಿ.ಮೀ. ಸಾಕು. ಆಳದ ರಿಮ್ಮಾದರೆ ಅದು ಹೊರಗೇ ಬರುವುದಿಲ್ಲ, ಇನ್ನೂ ಉದ್ದದ್ದು ಕೇಳಿ.

ಸಿಒ2 ಕಾರ್ಟ್ರಿಜ್, ಅಂದರೆ ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್ ಇದ್ದರೆ ಪಂಪು ಬೇಡ ಅನ್ನುತ್ತಾರೆ. ಬೇಕು. ಕಾರ್ಟ್ರಿಜ್ ಒಂದೇ ಸಲಕ್ಕೆ ಮುಗಿಯುತ್ತದೆ, ಕೈತಪ್ಪಿದರೆ ಅಲ್ಲಿಗೆ ಆಯಿತು. ಆ ಗ್ಯಾಸು ಟ್ಯೂಬಿನಿಂದ ಮಾಮೂಲಿ ಗಾಳಿಗಿಂತ ಬೇಗ ಸೋರಿಹೋಗುವುದರಿಂದ ಮರುದಿನ ಮತ್ತೆ ಗಾಳಿ ತುಂಬಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲು ಪಂಪು ಕೊಳ್ಳಿ, ಅದೂ ಸಣ್ಣ ರಬ್ಬರ್ ಪೈಪಿರುವುದನ್ನು. ಪೈಪಿಲ್ಲದ ಪಂಪಿನಲ್ಲಿ ಹೊಡೆಯುವಾಗ ವಾಲ್ವ್ ಅಲ್ಲಾಡಿ ಬುಡದಲ್ಲಿ ಹರಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಚಕ್ರ ಬಿಚ್ಚುವುದು

ಹಿಂದಿನ ಚಕ್ರವಾದರೆ ಚೈನನ್ನು ಮೊದಲು ಅತಿ ಚಿಕ್ಕ ಗೇರಿಗೆ ತನ್ನಿ, ಆಮೇಲೆ ಬಿಚ್ಚಿ. ಡಿಸ್ಕ್ ಬ್ರೇಕ್ ಇರುವವರು ಚಕ್ರ ಹೊರಗಿರುವಾಗ ಬ್ರೇಕ್ ಒತ್ತಬೇಡಿ.

ಟೈರ್ ಬಿಚ್ಚುವುದು

ಉಳಿದ ಗಾಳಿಯನ್ನೆಲ್ಲ ಬಿಡಿ. ರೋಡ್ ಬೈಕಿನ ಪ್ರೆಸ್ಟಾ ವಾಲ್ವ್‌ನಲ್ಲಿ ತುದಿಯ ಸಣ್ಣ ತಿರುಪನ್ನು ಸಡಿಲಿಸಿ ಒತ್ತಿದರೆ ಗಾಳಿ ಹೋಗುತ್ತದೆ. ಆಮೇಲೆ ಟೈರನ್ನು ಎರಡೂ ಪಕ್ಕದಿಂದ ಸುತ್ತಲೂ ಹಿಸುಕುತ್ತಾ ಬನ್ನಿ. ರಿಮ್ಮಿನ ನಡುವೆ ಒಂದು ಹಳ್ಳ ಇರುತ್ತದೆ. ಟೈರಿನ ಅಂಚು ಅದರೊಳಗೆ ಇಳಿದರೆ ಟೈರು ಸಡಿಲವಾಗುತ್ತದೆ. ಈ ಹಳ್ಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ. ಈಗ ವಾಲ್ವ್‌ನಿಂದ ದೂರದಲ್ಲಿ ಲಿವರ್ ಹಾಕಿ ಒಂದು ಪಕ್ಕವನ್ನು ಮಾತ್ರ ಎಬ್ಬಿಸಿ, ಟ್ಯೂಬ್ ಎಳೆದುಕೊಳ್ಳಿ. ಇನ್ನೊಂದು ಪಕ್ಕ ರಿಮ್ಮಿನಲ್ಲೇ ಇರಲಿ. ಸ್ಕ್ರೂಡ್ರೈವರ್ ಹಾಕಬೇಡಿ. ಟ್ಯೂಬ್ ಹರಿಯುತ್ತದೆ, ರಿಮ್ಮಿಗೂ ಗಾಯವಾಗುತ್ತದೆ.

ಚುಚ್ಚಿದ್ದನ್ನು ಹುಡುಕುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಹೊಸ ಟ್ಯೂಬ್ ಕೈಯಲ್ಲಿದೆ, ಬಿಸಿಲೇರುತ್ತಿದೆ, ಜೊತೆಯವರು ಕಾಯುತ್ತಿದ್ದಾರೆ. ಕಾಯಲಿ. ಇಲ್ಲಿ ಐದು ನಿಮಿಷ ಕೊಟ್ಟರೆ ಮುಂದಿನ ಅರ್ಧ ಗಂಟೆ ಉಳಿಯುತ್ತದೆ.

ಹಳೇ ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ಕೆನ್ನೆಯ ಹತ್ತಿರ, ತುಟಿಯ ಹತ್ತಿರ ತಿರುಗಿಸುತ್ತಾ ಬನ್ನಿ. ತೀರಾ ಸಣ್ಣ ತೂತು ಕಿವಿಗೆ ಕೇಳುವುದಿಲ್ಲ. ಆದರೆ ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ. ತೂತು ಸಿಕ್ಕ ಕೂಡಲೇ ಟ್ಯೂಬನ್ನು ಚಕ್ರದ ಮೇಲೆ ಮೊದಲಿದ್ದ ಹಾಗೇ ಇಟ್ಟು ನೋಡಿ. ವಾಲ್ವ್ ವಾಲ್ವಿನ ಜಾಗದಲ್ಲಿರಲಿ. ತೂತಿನ ಎದುರಿಗಿರುವ ಟೈರಿನ ಭಾಗದಲ್ಲೇ ಕಳ್ಳ ಇದ್ದಾನೆ. ಟ್ಯೂಬನ್ನು ಯಾವ ಮಗ್ಗುಲಾಗಿ ತೆಗೆದಿರಿ ಅನ್ನುವುದು ಮರೆತಿದ್ದರೆ ವಾಲ್ವ್‌ನಿಂದ ಎರಡೂ ದಿಕ್ಕಿನಲ್ಲಿ ಅಷ್ಟೇ ದೂರ ಅಳೆದು ನೋಡಿ. ಟೈರ್ ಹಾಕುವಾಗ ಅದರ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್ವ್ ಪಕ್ಕಕ್ಕೆ ಬರುವ ಹಾಗೆ ಹಾಕುವುದು ಇದಕ್ಕಾಗಿಯೇ. ಟೈರು ಪೂರ್ತಿ ಕಳಚಿಬಂದರೂ ಜಾಗ ತಪ್ಪುವುದಿಲ್ಲ.

ತೂತಿನ ರೂಪವೂ ಕಥೆ ಹೇಳುತ್ತದೆ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಏನೂ ಚುಚ್ಚಿಲ್ಲ. ಗಾಳಿ ಕಮ್ಮಿಯಿದ್ದಾಗ ಗುಂಡಿಗೆ ಬಿದ್ದು ಟ್ಯೂಬು ರಿಮ್ಮಿನ ಎರಡೂ ಅಂಚಿಗೆ ಸಿಕ್ಕಿದೆ. ಹಾವು ಕಚ್ಚಿದ ಗುರುತಿನ ಹಾಗೇ ಕಾಣುತ್ತದೆ. ತೂತು ಟ್ಯೂಬಿನ ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆಗೆ ಇದ್ದರೆ ರಿಮ್ಮಿನೊಳಗೆ ಕಡ್ಡಿಗಳ ತೂತು ಮುಚ್ಚುವ ಪಟ್ಟಿ, ಅಂದರೆ ರಿಮ್ ಟೇಪ್, ಸರಿದಿದೆಯಾ ನೋಡಿ. ಕಡ್ಡಿಗಳ ತೂತು ಕಾಣುತ್ತಿದ್ದರೆ ಟೇಪನ್ನು ಸರಿಯಾಗಿ ಕೂರಿಸದೆ ಎಷ್ಟು ಟ್ಯೂಬ್ ಹಾಕಿದರೂ ಅಷ್ಟೇ.

ಒಂದೇ ತೂತು, ಹೊರಮೈಯಲ್ಲಿ ಇದ್ದರೆ ಟೈರಿನಲ್ಲಿ ಏನೋ ಇದೆ. ಉತ್ತರ ಕರ್ನಾಟಕದ ಕಡೆಯಾದರೆ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು. ವಿಜಯಪುರ, ಬಾಗಲಕೋಟೆಯ ಸೈಕಲ್ ಪಟುಗಳು ದಿನಾ ಎದುರಿಸುವುದು ಇದನ್ನೇ. ಮುಳ್ಳು ಸುಲಭ, ಬೆರಳಿಗೆ ಸಿಗುತ್ತದೆ. ಹೆದ್ದಾರಿಯಲ್ಲಿ ಕಾಡುವುದು ತಂತಿ. ಲಾರಿಗಳ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ರಸ್ತೆ ಅಂಚಿಗೆ ಹರಡಿರುತ್ತವೆ. ನಾವು ಹೋಗುವುದೂ ಆ ಅಂಚಿನಲ್ಲೇ ಅಲ್ವಾ? ತಂತಿ ಕೂದಲಿನಷ್ಟು ಸಣ್ಣ. ಹೊರಗಿನಿಂದ ಕಾಣುವುದೇ ಇಲ್ಲ.

ಅದಕ್ಕೇ ಹತ್ತಿ. ಬೆರಳನ್ನು ನೇರ ಆಡಿಸಬೇಡಿ, ಗಾಜಿನ ಚೂರಿದ್ದರೆ ಕೊಯ್ದುಬಿಡುತ್ತದೆ. ಹತ್ತಿಯನ್ನು ಟೈರಿನ ಒಳಮೈಗೆ ಒತ್ತಿ ಒಂದು ಸುತ್ತು ನಿಧಾನ ಎಳೆಯಿರಿ, ಆಮೇಲೆ ಎದುರು ದಿಕ್ಕಿಗೆ ಒಂದು ಸುತ್ತು. ತಂತಿ ಓರೆಯಾಗಿ ಹೊಕ್ಕಿದ್ದರೆ ಒಂದು ದಿಕ್ಕಿನಲ್ಲಿ ಜಾರಿಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಆ ಹುಡುಗನ ಟೈರಿನಲ್ಲಿ ಹಾಗೇ ಆಯಿತು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೇ ಸುತ್ತಿನಲ್ಲಿ ಹತ್ತಿಯ ಒಂದು ಬಿಳಿ ಎಳೆ ನಿಂತುಬಿಟ್ಟಿತು. ಅಲ್ಲಿ ಟೈರನ್ನು ಹೊರಮುಖ ಬಗ್ಗಿಸಿದಾಗ ಸಾಸಿವೆಗಿಂತ ಚಿಕ್ಕದೊಂದು ಹೊಳಪು ಕಂಡಿತು. ಉಗುರಿಗೆ ಬರಲಿಲ್ಲ. ನೇಲ್ ಕಟರಿನಲ್ಲಿ ಕಚ್ಚಿ ಎಳೆದಾಗ ಮೂರು ಮಿ.ಮೀ. ತಂತಿ ಹೊರಗೆ ಬಂತು. ಎರಡು ಟ್ಯೂಬ್ ತಿಂದಿದ್ದು ಅಷ್ಟೇ ಅಷ್ಟು!

ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಇನ್ನೊಂದು ಸುತ್ತು ನೋಡಿ. ಟೈರೇ ಸೀಳಿದ್ದರೆ ಚಿಕ್ಕಿಯ ಕವರನ್ನು ನಾಲ್ಕು ಮಡಿಕೆ ಮಾಡಿ ಸೀಳಿಗೆ ಒಳಗಿನಿಂದ ಅಡ್ಡ ಇಡಿ. ಮನೆ ಮುಟ್ಟಲು ಸಾಕು.

ಹೊಸ ಟ್ಯೂಬ್ ಕೂರಿಸುವುದು

ಟ್ಯೂಬಿಗೆ ಮೊದಲು ಸ್ವಲ್ಪ ಗಾಳಿ ಕೊಡಿ, ದುಂಡಗೆ ನಿಂತರೆ ಸಾಕು. ಚಪ್ಪಟೆ ಟ್ಯೂಬ್ ಒಳಗೆ ತಿರುಚಿಕೊಳ್ಳುತ್ತದೆ. ವಾಲ್ವನ್ನು ತೂತಿಗೆ ಹಾಕಿ ಟ್ಯೂಬನ್ನು ಸುತ್ತಲೂ ಟೈರಿನೊಳಗೆ ಸೇರಿಸಿ.

ಈಗ ಟೈರಿನ ಅಂಚನ್ನು ರಿಮ್ಮಿನೊಳಗೆ ತಳ್ಳಬೇಕು. ಹೆಚ್ಚಿನವರು ವಾಲ್ವ್ ಹತ್ತಿರ ಶುರು ಮಾಡಿ ಎದುರು ಭಾಗದಲ್ಲಿ ಮುಗಿಸುತ್ತಾರೆ. ಕೊನೆಯ ಒಂದು ಗೇಣು ಬರುವುದೇ ಇಲ್ಲ. ಆಗ ಲಿವರ್ ಹಾಕಿ ಮೀಟುತ್ತಾರೆ, ಲಿವರಿನ ತುದಿ ಹೊಸ ಟ್ಯೂಬನ್ನು ಕಚ್ಚುತ್ತದೆ. ಇದೇ ಎರಡನೇ ಪಂಕ್ಚರಿನ ಇನ್ನೊಂದು ದಾರಿ.

ಉಲ್ಟಾ ಮಾಡಿ. ವಾಲ್ವ್‌ನ ಎದುರು ಭಾಗದಲ್ಲಿ ಶುರು ಮಾಡಿ, ಎರಡೂ ಕೈಯಲ್ಲಿ ಎರಡೂ ಕಡೆಯಿಂದ ತಳ್ಳುತ್ತಾ ವಾಲ್ವ್ ಹತ್ತಿರ ಮುಗಿಸಿ. ವಾಲ್ವ್ ಇರುವ ಕಡೆ ಟೈರಿನ ಅಂಚು ನಡುವಿನ ಹಳ್ಳಕ್ಕೆ ಇಳಿಯಲಾರದು, ಟ್ಯೂಬಿನ ಬುಡ ಅಡ್ಡ ಇರುತ್ತದೆ. ಉಳಿದ ಕಡೆ ಇಳಿಯುತ್ತದೆ. ಬಿಗಿಯಾಯಿತು ಅನ್ನಿಸಿದಾಗ ಎದುರು ಭಾಗದಿಂದ ಮತ್ತೆ ಟೈರನ್ನು ಹಿಸುಕಿ, ಅಂಚನ್ನು ಹಳ್ಳಕ್ಕೆ ಇಳಿಸುತ್ತಾ ಬನ್ನಿ. ಹಿಟ್ಟು ನಾದುವಾಗ ಅಂಗೈ ಒತ್ತುತ್ತೇವಲ್ಲ, ಹಾಗೆ. ಒಂದು ಬೆರಳಷ್ಟು ಸಡಿಲ ಸಿಗುತ್ತದೆ. ಅಷ್ಟು ಸಿಕ್ಕರೆ ಕೊನೆಯ ತುಂಡನ್ನು ಹೆಬ್ಬೆರಳಿನಲ್ಲೇ ಒಳಗೆ ಉರುಳಿಸಬಹುದು. ಲಿವರನ್ನು ಆಗಲೇ ಚೀಲಕ್ಕೆ ಹಾಕಿಬಿಡಿ, ಕೈಗೆ ಸಿಗದ ಹಾಗೆ.

ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಬುಡದ ದಪ್ಪ ಭಾಗ ಟೈರಿನ ಅಂಚಿಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಟೈರನ್ನು ಪಕ್ಕಕ್ಕೆ ಬಗ್ಗಿಸಿ ಒಳಗೆ ಇಣುಕುತ್ತಾ ಎರಡೂ ಕಡೆ ಪೂರ್ತಿ ಸುತ್ತು ನೋಡಿ. ಟ್ಯೂಬಿನ ಕಪ್ಪು ಎಲ್ಲೂ ಕಾಣಬಾರದು. ಕಂಡರೆ ಅಲ್ಲಿ ಅಲ್ಲಾಡಿಸಿ ಒಳಗೆ ಸೇರಿಸಿ. ಹಾಗೇ ಗಾಳಿ ಹೊಡೆದರೆ ಪಟಾಕಿಯ ಹಾಗೆ ಒಡೆಯುತ್ತದೆ.

ಗಾಳಿ

ಅರ್ಧ ಹೊಡೆದು ನಿಲ್ಲಿಸಿ. ಟೈರಿನ ಮಗ್ಗುಲಲ್ಲಿ ರಿಮ್ಮಿಗೆ ಹತ್ತಿರ ಒಂದು ಸಣ್ಣ ಗೆರೆ ಸುತ್ತಲೂ ಇರುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದಿದ್ದರೆ ಗಾಳಿ ಬಿಟ್ಟು ಸರಿಮಾಡಿ. 1,478 ಮೀಟರ್ ಎತ್ತರದ ನಂದಿಯಿಂದ ಇಳಿಯುವಾಗ ತಿರುವಿನಲ್ಲಿ ಟೈರು ಹೊರಗೆ ಬಂದರೆ ಏನಾಗುತ್ತದೆ ಯೋಚಿಸಿ. ಇದನ್ನು ಯಾರೂ ಬಿಡಬೇಡಿ.

ನನ್ನ ತೂಕ 70 ಕೆ.ಜಿ. 28 ಮಿ.ಮೀ. ಟೈರಿಗೆ ಹಿಂದೆ 80 ಪಿಎಸ್‌ಐ, ಮುಂದೆ 75 ಹಾಕುತ್ತೇನೆ. ಟೈರಿನ ಮೇಲೆ ಬರೆದಿರುವ ಗರಿಷ್ಠವನ್ನೇ ತುಂಬಬೇಕು ಅಂತ ಹೊಸಬರು ತಿಳಿಯುತ್ತಾರೆ. ಅದು ಮೀರಬಾರದ ಗಡಿ ಅಷ್ಟೇ. ಸಣ್ಣ ಪಂಪಿನಲ್ಲಿ ಕೈ ಸೋಲುತ್ತದೆ, ಆದರೂ 60ಕ್ಕಿಂತ ಕಮ್ಮಿಯಲ್ಲಿ ಹೊರಡಬೇಡಿ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಯಂತ್ರ ಪ್ರೆಸ್ಟಾ ವಾಲ್ವ್‌ಗೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ಒಂದನ್ನು ಚೀಲದಲ್ಲಿಡಿ. ಆ ಯಂತ್ರ ಲಾರಿ ಟೈರಿಗೂ ಗಾಳಿ ತುಂಬುವಂಥದ್ದು, ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳಿ.

200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೆಸರು ಕೊಡಬೇಕು ಅಂತಿರುವವರು ಮನೆಯಲ್ಲಿ ಇದನ್ನೆಲ್ಲ ನಾಲ್ಕೈದು ಸಲ ಮಾಡಿ ನೋಡಿ. ಅಲ್ಲಿ ಸಿಗುವುದು ಹದಿಮೂರೂವರೆ ಗಂಟೆ. ದಾರಿಯಲ್ಲಿ ಹಾಜರಿ ಹಾಕಿಸುವ ಕಂಟ್ರೋಲ್‌ಗಳ ನಡುವೆ ನಿಮ್ಮ ಮನೆಯವರು ಕಾರಿನಲ್ಲಿ ಬಂದು ಸಹಾಯ ಮಾಡುವ ಹಾಗಿಲ್ಲ.

ಮನೆಗೆ ಬಂದ ಮೇಲೆ

ತೂತಾದ ಟ್ಯೂಬನ್ನು ಬಿಸಾಡಬೇಡಿ. ತೂತಿನ ಸುತ್ತ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ. ಹಸಿಯಿದ್ದಾಗಲೇ ಪ್ಯಾಚ್ ಅಂಟಿಸಿದರೆ ನಿಲ್ಲುವುದಿಲ್ಲ. ಮೈ ಮಂಕಾದ ಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ. ಸಲ್ಯೂಷನ್ ಇಲ್ಲದೆ ಸ್ಟಿಕ್ಕರಿನ ಹಾಗೆ ಅಂಟಿಸುವ ಪ್ಯಾಚ್ ಅವತ್ತಿನ ದಾರಿಗೆ ಆದೀತು, ಅದನ್ನೇ ನಂಬಿ ತಿಂಗಳುಗಟ್ಟಲೆ ಓಡಿಸಬೇಡಿ. ಸಲ್ಯೂಷನ್ ಟ್ಯೂಬು ಒಮ್ಮೆ ತೆರೆದರೆ ಒಳಗೇ ಒಣಗುತ್ತದೆ. ಚೀಲದಲ್ಲಿರುವುದನ್ನು ಆಗಾಗ ಹಿಚುಕಿ ನೋಡಿ.

ಪ್ಯಾಚ್ ಹಾಕಿದ ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದಾ ನೋಡಿ, ಒರೆಸಿ, ವಾಲ್ವ್ ಚುಚ್ಚದ ಹಾಗೆ ಬಟ್ಟೆ ಸುತ್ತಿ ಅವತ್ತೇ ಚೀಲಕ್ಕೆ ಸೇರಿಸಿ. ನಾಳೆ ಮಾಡೋಣ ಅಂದರೆ ಅದು ಮುಂದಿನ ಭಾನುವಾರ ಬೆಳಗ್ಗೆ ಐದಕ್ಕೆ ಬಾಲ್ಕನಿಯಲ್ಲೇ ನೇತಾಡುತ್ತಿರುತ್ತದೆ.