ಕೊನೆಯ ಹಾಳೆ ಕೊಡದೆ ಓದಿಸಿದೆ

ಕಥೆಯ ಮುಕ್ತಾಯ ಎಳೆದಿದೆಯೇ ಅಂತ ತಿಳಿಯಲು ನಾನು ಮಾಡೋದು ಇಷ್ಟೇ. ಪ್ರಿಂಟ್ ತೆಗೆದು, ಕೊನೆಯ ಹಾಳೆಯನ್ನು ಚೀಲದಲ್ಲೇ ಇಟ್ಟುಕೊಂಡು, ಉಳಿದದ್ದನ್ನು ಓದಲು ಕೊಡುತ್ತೇನೆ. ಹಾಳೆ ಕಮ್ಮಿ ಇದೆ ಅಂತ ಹೇಳುವುದಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಗೆಳೆಯರ ಮುಂದೆ ಇದನ್ನು ಹೇಳಿದಾಗ, "ಪಾಯಸ ಬಡಿಸದೆ ಪಂಕ್ತಿ ಎಬ್ಬಿಸ್ತೀಯಾ?" ಅಂತ ನಕ್ಕರು. ಈಗ ಅವರಲ್ಲೇ ಇಬ್ಬರು ಇದನ್ನೇ ಮಾಡುತ್ತಿದ್ದಾರೆ, ಹೆಸರು ಬೇಡ.

ಅದಕ್ಕೂ ಮೊದಲು ದುಡ್ಡು ಹೋಯಿತು. ಒಬ್ಬರಿಗೆ ಸಾವಿರದೈನೂರೋ ಏನೋ ಕೊಟ್ಟು ತಿದ್ದಿಸಿದೆ. ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿ, ಅಡಿಯಲ್ಲಿ "ಮುಕ್ತಾಯ ಮನಮುಟ್ಟುತ್ತದೆ" ಅಂತ ಬರೆದುಕೊಟ್ಟರು. ಆ ಕಥೆ ಎರಡು ದೀಪಾವಳಿ ಸ್ಪರ್ಧೆಗಳಿಗೆ ಹೋಯಿತು, ಸುದ್ದಿಯೇ ಇಲ್ಲ. ಆಮೇಲೆ ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಕೇಳಿದೆ. ಠಾಣೆ ದಾಟುವಷ್ಟರಲ್ಲಿ ನನ್ನ ದನಿಗೆ ನಾನೇ ಮರುಳು! ಆರು ತಿಂಗಳು ಮುಚ್ಚಿಟ್ಟೂ ನೋಡಿದೆ. ಹೊರಗೆ ತೆಗೆದಾಗ ಇನ್ನೂ ಒಂದು ಪ್ಯಾರಾ ಸೇರಿಕೊಂಡಿತು.

ಆ ಕಥೆ ನಡೆಯೋದು 1994ರಲ್ಲಿ. ಫೋರ್ಟ್‌ನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನು ಕೆಲಸ ಬಿಡುತ್ತಾನೆ. ಕೊನೇ ದಿನ ಚಿಲ್ಲರೆ ಎಣಿಸಿ, ಕೀಲಿಕೈಯನ್ನು ಧಣಿಯ ಮುಂದಿಡುತ್ತಾನೆ. ಧಣಿ ತಲೆ ಎತ್ತದೆ, "ಎಂಟಾಣೆ ಕಮ್ಮಿ ಇದೆಯಲ್ಲ" ಅನ್ನುತ್ತಾನೆ.

ಇಲ್ಲಿಂದ ನನ್ನ ಕೊನೆಯ ಹಾಳೆ ಶುರು. ಅವನು ಊರಿಗೆ ಬಸ್ ಹತ್ತುತ್ತಾನೆ. ಕೊಂಕಣ ರೈಲು ಪೂರ್ತಿ ಓಡಲು 1998 ಬರಬೇಕಿತ್ತು, ಹಾಗಾಗಿ ಬಸ್ಸೇ. ಪನ್ವೇಲ್, ಮಹಾಡ್, ಸಾವಂತವಾಡಿ, ಒಂದೊಂದು ಊರಿಗೂ ಒಂದೊಂದು ನೆನಪು. ಕೊನೆಗೆ ಅಂಗಳದಲ್ಲಿ ಮಳೆ. ನಮ್ಮ ಕಡೆಯವರ ಕಥೆಯಲ್ಲಿ ಮಳೆ ಬರಲೇಬೇಕಲ್ವಾ?

ಓದಿದ ಐದಾರು ಜನರಲ್ಲಿ ಯಾರೂ ಇನ್ನೊಂದು ಹಾಳೆ ಕೇಳಲಿಲ್ಲ. ಒಬ್ಬರು ಮಾತ್ರ, "ಆ ಎಂಟಾಣೆ ಅವನೇ ಇಟ್ಟುಕೊಂಡನಾ?" ಅಂದರು. ಅದಕ್ಕೆ ನನ್ನ ಬಸ್ಸಿನಲ್ಲೂ ಉತ್ತರ ಇರಲಿಲ್ಲ, ಮಳೆಯಲ್ಲೂ ಇರಲಿಲ್ಲ. ಇಡೀ ಹಾಳೆ ತೆಗೆದೆ. ಒಂದೇ ವಾಕ್ಯ ಸೇರಿಸಿದೆ: ಅವನು ಜೇಬಿಗೆ ಕೈ ಹಾಕಿದ. ಮುಂದಿನ ವರ್ಷ ಅದಕ್ಕೇ ಬಹುಮಾನ ಬಂತು, ಸುಮಾರು ಐದು ಸಾವಿರ. ಖರ್ಚು ಜೆರಾಕ್ಸಿಗೆ ಅರವತ್ತು ಎಪ್ಪತ್ತು ರೂಪಾಯಿ ಅಷ್ಟೇ.

ಓದುವವರ ಬಾಯಿ ನಂಬಬೇಡಿ, ಕೈ ನೋಡಿ. ಮುಗಿಸಿದವರು ಹಾಳೆ ಮಗುಚಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರೆ ನೀವು ಜಾಸ್ತಿ ಕತ್ತರಿಸಿದ್ದೀರಿ. ಹಾಳೆಗಳನ್ನು ಜೋಡಿಸಿ ಮೇಜಿಗೆ ತಟ್ಟಿ ಇಟ್ಟರೆ ಕಥೆ ಮುಗಿದಿದೆ. ಇನ್ನೊಂದು: ಕಥೆ ಇಲ್ಲೇ ಮುಗಿಯಿತೇನೋ ಅನ್ನುವ ಅನುಮಾನದ ಜಾಗದಲ್ಲೇ ಹಾಳೆ ಮುಗಿಯಬೇಕು. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಅಕ್ಷರದ ಗಾತ್ರ, ಮಾರ್ಜಿನ್ ಹೊಂದಿಸಿಕೊಳ್ಳಿ, ಅರ್ಧ ವಾಕ್ಯದಲ್ಲಿ ನಿಂತರೆ ಸಿಕ್ಕಿಬೀಳುತ್ತೀರಿ. ಬರೆಯುವವರಿಗೆ ಕೊಡಬೇಡಿ, ಅವರು ತಮ್ಮ ಕಥೆ ಬರೆದುಕೊಡುತ್ತಾರೆ. ನಾನು ಯಾರಿಗೆ, ಯಾವ ಹೊತ್ತಿನಲ್ಲಿ ಕೊಡುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಸುಮ್ನೆ ಕುತೂಹಲಕ್ಕೆ ಕೊನೆಯ ಹಾಳೆಯನ್ನು ಮೊದಲಿಗಿಟ್ಟೂ ಕೊಟ್ಟಿದ್ದೆ. ಪರೇಲ್ ಚಾಳಿನ (ವಠಾರದ) ನಲ್ಲಿ ಜಗಳದ ಕಥೆ ಕೊಲೆ ಕಥೆಯಂತಾಯಿತು, ಕೈಬಿಟ್ಟೆ. ಈಗಿನ ಕಥೆಗೆ ಎರಡು ಹಾಳೆ ತೆಗೆದು ಕೊಡುತ್ತಿದ್ದೇನೆ. ಮೂರು ತೆಗೆದಾಗ ನಾಯಕಿಯೇ ಬಂದಿರಲಿಲ್ಲ.