ಜನರೇಟರ್ ನ್ಯೂಟ್ರಲ್ ಪಟ್ಟಿ: ಗೋಡೆಗೆ ತಾಗದಂತೆ ಎಳೆಯುವುದು ಹೇಗೆ?

ಶಿವಮೊಗ್ಗದ ವಾಣಿಜ್ಯ ಸಂಕೀರ್ಣಗಳಲ್ಲಿ, ತೀರ್ಥಹಳ್ಳಿ ಕಡೆಯ ರೈಸ್‌ಮಿಲ್ಲುಗಳಲ್ಲಿ ಡಿಜಿ ಸೆಟ್ಟಿನ (ಡೀಸೆಲ್ ಜನರೇಟರ್) ನ್ಯೂಟ್ರಲ್ ಪಟ್ಟಿಯನ್ನೂ (ನ್ಯೂಟ್ರಲ್ ತುದಿಯನ್ನು ನೆಲಕ್ಕೆ ಜೋಡಿಸುವ ಲೋಹದ ಪಟ್ಟಿ) ಬಾಡಿ ಪಟ್ಟಿಯನ್ನೂ (ಸೆಟ್ಟಿನ ಲೋಹದ ಮೈಯನ್ನು ನೆಲಕ್ಕೆ ಜೋಡಿಸುವ ಪಟ್ಟಿ) ಒಂದೇ ಕ್ಲಾಂಪಿಗೆ ಬಿಗಿದು ಗೋಡೆಗೆ ಹೊಡೆದುಬಿಡುತ್ತಾರೆ. ಇದು ತಪ್ಪು. ನ್ಯೂಟ್ರಲ್ ಪಟ್ಟಿ ತನ್ನ ಅರ್ಥ್ ಗುಂಡಿ ಸೇರುವವರೆಗೆ ಎಲ್ಲೂ ತಾಗಬಾರದು. ಪಟ್ಟಿಯ ಮೇಲೆ ಸಿಟಿ (ಹರಿಯುವ ಕರೆಂಟನ್ನು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರಿಸಿದ್ದು, ಅದಕ್ಕೂ ಮೊದಲೇ ಪಟ್ಟಿ ಬಾಡಿಗೆ ತಾಗಿದ್ದರೆ ಫಾಲ್ಟ್ ಕರೆಂಟಿನ ಒಂದು ಪಾಲು ಸಿಟಿಯನ್ನು ತಪ್ಪಿಸಿ ಹೋಗುತ್ತದೆ. ಫಾಲ್ಟ್ ಆದಾಗ ಸಪ್ಲೈ ಕಡಿಯಬೇಕಾದ ರಿಲೇ ಟ್ರಿಪ್ ಆಗದೇ ಉಳಿಯಬಹುದು. ಎರಡನ್ನೂ ಸೇರಿಸಬೇಕಿದ್ದರೆ ಡ್ರಾಯಿಂಗಿನಲ್ಲಿ ತೋರಿಸಿದ ಜಾಗದಲ್ಲಿ ಮಾತ್ರ ಸೇರಿಸಿ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಈ ಕೆಲಸ ಮಾಡಬೇಕು. ಸೆಟ್ ನಿಲ್ಲಿಸಿ, ಆಟೋ ಸ್ಟಾರ್ಟ್ ಆಗದಂತೆ ಬ್ಯಾಟರಿ ಬಿಚ್ಚಿಡಿ.

ಮೊದಲು ದಾರಿ ಗುರುತು ಮಾಡಿ: ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಪಟ್ಟಿ, ಎರಡು ಪ್ರತ್ಯೇಕ ಗುಂಡಿ.

ನಂತರ ಬ್ರಾಕೆಟ್. ನಮ್ಮ ಜಂಬಿಟ್ಟಿಗೆ ಗೋಡೆಯಲ್ಲಿ ರಾಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಬಿರಡೆ) ನಿಲ್ಲುವುದಿಲ್ಲ, ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲವಾಗುತ್ತದೆ. 75 ಎಂಎಂ ಆಳ ಕೊರೆದು, ಜಿಐ (ಸತು ಲೇಪಿಸಿದ ಕಬ್ಬಿಣ) ಬ್ರಾಕೆಟ್ಟಿನ ಬಾಲ ಸೀಳಿ ಅಗಲಿಸಿ, 1:3 ಸಿಮೆಂಟ್ ಗಾರೆಯಲ್ಲಿ ಕೂರಿಸಿ. ಮೂರು ದಿನ ನೀರು ಹಾಕಿ. ಅದಕ್ಕೂ ಮೊದಲು ಭಾರ ಹಾಕಬೇಡಿ. ಎರಡು ಅಡಿಗೊಂದು ಬ್ರಾಕೆಟ್ ಇರಲಿ, ತಿರುವಿನ ಎರಡೂ ಬದಿಗೆ ಅರ್ಧ ಅಡಿಯೊಳಗೆ ಇನ್ನೊಂದೊಂದು.

ಕೆಲಸ ಕೆಡುವುದು ಬ್ರಾಕೆಟ್ ಮೇಲೆ ಇನ್ಸುಲೇಟರ್ (ಪಟ್ಟಿಯನ್ನು ಹೊತ್ತು, ಕರೆಂಟ್ ಗೋಡೆಗೆ ಹೋಗದಂತೆ ತಡೆಯುವ ಗುಬ್ಬಿ) ಕೂರಿಸುವಾಗ. ಪಟ್ಟಿಗೇ ತೂತು ಹೊಡೆದು ಬೋಲ್ಟ್ ಹಾಕುವುದು ಎಲ್ಲರ ರೂಢಿ. 25 ಎಂಎಂ ಅಗಲದ ಪಟ್ಟಿಯಲ್ಲಿ 8.5 ಎಂಎಂ ತೂತು ಎಂದರೆ ಆ ಜಾಗದಲ್ಲಿ ಮೂರನೇ ಒಂದು ಭಾಗ ಹೋಯಿತು. ಸತುವಿನ ಲೇಪವೂ ಹೋಗಿ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಬದಲಿಗೆ 60 ಎಂಎಂ ಉದ್ದದ 5 ಎಂಎಂ ದಪ್ಪ ಜಿಐ ತುಂಡನ್ನು ಕೌಂಟರ್‌ಸಂಕ್ (ತಲೆ ಮೇಲೇಳದೆ ಸಮಕ್ಕೆ ಕೂರುವ) ಸ್ಕ್ರೂ ಹಾಕಿ ಇನ್ಸುಲೇಟರ್ ಮೇಲೆ ಕೂರಿಸಿ. ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಅಂಥದ್ದೇ ಇನ್ನೊಂದು ತುಂಡು. ಎರಡೂ ತುಂಡುಗಳನ್ನು ಬಿಗಿಯುವ, 40 ಎಂಎಂ ಅಂತರದ ಎರಡು ಎಂ6 (6 ಎಂಎಂ) ಬೋಲ್ಟ್‌ಗಳು ಪಟ್ಟಿಯ ಅಂಚಿನ ಹೊರಗಿರಲಿ.

ಸ್ಕ್ರೂ ಉದ್ದದ ಮೇಲೆ ಕಣ್ಣಿಡಿ. ಉದ್ದ ಹೆಚ್ಚಾದರೆ ಸ್ಕ್ರೂ ಇನ್ಸುಲೇಟರ್ ರಂಧ್ರದ ತಳಕ್ಕೆ ತಾಗಿ ನಿಲ್ಲುತ್ತದೆ. ಸ್ಕ್ರೂ ಬಿಗಿಯಾಯಿತು ಅನ್ನಿಸಿದರೂ ತುಂಡು ಅಲ್ಲಾಡುತ್ತಿರುತ್ತದೆ. ರಂಧ್ರಕ್ಕೆ ತಂತಿ ಇಳಿಸಿ ಆಳ ಅಳೆಯಿರಿ, ತುಂಡಿನ ದಪ್ಪ ಕೂಡಿಸಿ, 2 ಎಂಎಂ ಕಳೆಯಿರಿ. ಅಗ್ಗದ ಇನ್ಸುಲೇಟರಿನಲ್ಲಿ ಹಿತ್ತಾಳೆ ಇನ್ಸರ್ಟ್ (ಸ್ಕ್ರೂ ಕೂರುವ ಮರೆಯ ಒಳತುಂಡು) ಸ್ಕ್ರೂ ಜೊತೆಗೇ ಸುತ್ತುತ್ತದೆ. ಅಂಥದ್ದನ್ನು ವಾಪಸ್ ಕೊಡಿ, ಎಸ್‌ಎಂಸಿ ಅಥವಾ ಡಿಎಂಸಿಯದೇ (ಗಾಜಿನ ನಾರು ಬೆರೆಸಿ ಅಚ್ಚು ಹೊಯ್ದ ಗಟ್ಟಿ ಪ್ಲಾಸ್ಟಿಕ್) ತನ್ನಿ. ಪಟ್ಟಿಯ ಕೆಳಗೆ ಸೈಕಲ್ ಟ್ಯೂಬ್ ತುಂಡು ಇಡುವುದಂತೂ ಬೇಡವೇ ಬೇಡ, ಬಿಸಿಲಿಗೆ ಬಿರಿಯುತ್ತದೆ.

ಗೋಡೆ ದಾಟುವಲ್ಲಿ ಪಿವಿಸಿ ಪೈಪ್ ಹಾಕಿ. ಜಿಐ ಪೈಪಿನ ಎರಡೂ ತುದಿಯನ್ನು ಪಟ್ಟಿಗೆ ಕೂಡಿಸದಿದ್ದರೆ ಫಾಲ್ಟ್ ಕರೆಂಟಿಗೆ ಅದು ಚೋಕ್‌ನಂತೆ ಅಡ್ಡಿಯಾಗುತ್ತದೆ. ಕೂಡಿಸಿದರೆ ಪೈಪಿನ ಮೂಲಕ ಪಟ್ಟಿ ಗೋಡೆಗೆ ತಾಗಿದಂತೆಯೇ. ತಾಮ್ರ ಮತ್ತು ಜಿಐ ಸೇರುವಲ್ಲಿ ಬೈಮೆಟಲ್ (ಎರಡು ಲೋಹದ) ವಾಷರ್ ಹಾಕಿ. ಮಲೆನಾಡಿನ ತೇವಕ್ಕೆ ನೇರ ಜಾಯಿಂಟಿನಲ್ಲಿ ಸತು ಬೇಗ ತಿಂದುಹೋಗುತ್ತದೆ.

ಕೊನೆಗೆ ಪಟ್ಟಿಯ ಎರಡೂ ತುದಿ ಬಿಚ್ಚಿ, 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಶನ್ ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಪಟ್ಟಿಗೂ ಬಾಡಿ ಅರ್ಥ್ ಬಾರಿಗೂ (ಬಾಡಿ ಪಟ್ಟಿಗಳು ಸೇರುವ ಲೋಹದ ಬಾರ್) ನಡುವೆ ಅಳೆಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ನಡುವಿನ ಜಾಯಿಂಟ್ ಬಿಚ್ಚಿ ಅರ್ಧರ್ಧ ಭಾಗ ಪರೀಕ್ಷಿಸುತ್ತ ಹೋಗಿ. ಕೆಟ್ಟ ಇನ್ಸುಲೇಟರ್ ಸಿಗುತ್ತದೆ. ತುದಿಗಳನ್ನು ಮತ್ತೆ ಬಿಗಿದ ಮೇಲೆಯೇ ಬ್ಯಾಟರಿ ಜೋಡಿಸಿ. ಜೋರು ಮಳೆ ಬಂದ ನಂತರ ಇದನ್ನೇ ಇನ್ನೊಮ್ಮೆ ಮಾಡಿ.