ಮಣ್ಣಿನಡಿಯ ಬಿಸಿನೀರು: ಜಾಯಿಂಟ್ ಮುಚ್ಚುವ ಕೆಲಸ

ಕೋಪನ್‌ಹೇಗನ್‌ನಲ್ಲಿ ಮನೆಗೊಂದು ಬಾಯ್ಲರ್ ಇರುವುದು ಅಪರೂಪ. ಇಡೀ ಊರಿಗೆ ಕೆಲವೇ ದೊಡ್ಡ ಹಂಡೆಗಳು ಅನ್ನಿ. ಕಸ ಸುಡುವ ಅಥವಾ ವಿದ್ಯುತ್ ತಯಾರಿಸುವ ಸ್ಥಾವರದಲ್ಲಿ ಕಾದ ನೀರು ರಸ್ತೆಯಡಿಯ ಕೊಳವೆಯಲ್ಲಿ ಬಂದು, ಮನೆಗಳಿಗೆ ಶಾಖ ಕೊಟ್ಟು, ಜೊತೆ ಕೊಳವೆಯಲ್ಲಿ ಹಿಂದಿರುಗುತ್ತದೆ. ಪಕ್ಕದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ 1903ರಲ್ಲೇ ಕಸ ಸುಟ್ಟ ಶಾಖ ಆಸ್ಪತ್ರೆಗೆ ಹೋಗುತ್ತಿತ್ತು. ಈ ಡಿಸ್ಟ್ರಿಕ್ಟ್ ಹೀಟಿಂಗ್ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಎರಡು ಕೊಳವೆ ಸೇರುವ ಜಾಗಕ್ಕೆ.

ಕೊಳವೆ ಕಾರ್ಖಾನೆಯಿಂದಲೇ ಮೂರು ಪದರವಾಗಿ ಬರುತ್ತದೆ. ಒಳಗೆ ಉಕ್ಕು, ನಡುವೆ ಶಾಖ ಹಿಡಿದಿಡುವ ಪಾಲಿಯುರೆಥೇನ್ ಫೋಮ್, ಹೊರಗೆ ಪ್ಲಾಸ್ಟಿಕ್ ಕವಚ. 114.3 ಮಿ.ಮೀ. ಉಕ್ಕಿಗೆ ಸಾಮಾನ್ಯವಾಗಿ 200 ಮಿ.ಮೀ. ಕವಚ. ಫೋಮ್‌ನೊಳಗೆ ಎರಡು ತಾಮ್ರದ ತಂತಿಗಳು, ಒಂದಕ್ಕೆ ತವರದ ಲೇಪ. ಎಲ್ಲಿ ತೇವ ಹೊಕ್ಕರೂ ಇವು ತಿಳಿಸಬೇಕು.

ವೆಲ್ಡಿಂಗ್‌ಗೆ ಮೊದಲು ಸ್ಲೀವನ್ನು, ಅಂದರೆ ಜಾಯಿಂಟ್ ಮುಚ್ಚುವ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ತೋಳನ್ನು, ಒಂದು ಕೊಳವೆಗೆ ತೂರಿಸಿಡಬೇಕು. ಮರೆತರೆ ವೆಲ್ಡ್ ಕತ್ತರಿಸುವುದೊಂದೇ ದಾರಿ. ಸ್ಲೀವಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯವರೆಗೂ ಬಿಚ್ಚುವುದಿಲ್ಲ, ಒಳಮೈಗೆ ಮಣ್ಣು ತಾಗಿದರೆ ಅಂಟು ಹಿಡಿಯದು. ವೆಲ್ಡ್ ಪರೀಕ್ಷೆ ಮುಗಿದ ಮೇಲೆ ತುದಿಯ ಫೋಮ್ ಒದ್ದೆಯಿದ್ದಷ್ಟನ್ನೂ ಕೆತ್ತಿ ತೆಗೆಯುತ್ತೇನೆ. ಲೇಪದ ತಂತಿಗೆ ಲೇಪದ ತಂತಿ, ಬರೀ ತಾಮ್ರಕ್ಕೆ ಬರೀ ತಾಮ್ರ ಸೇರಿಸಿ, ಒತ್ತಿ, ಬೆಸೆದು, ಉಕ್ಕಿಗೆ ತಾಗದಂತೆ ಆಸರೆ ಕೊಟ್ಟು, ಮೆಗ್ಗರ್ (ತಂತಿಯಿಂದ ಉಕ್ಕಿಗೆ ವಿದ್ಯುತ್ ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಚ್ಚಿ ನೋಡುವುದು. ಪ್ರತಿ ಜಾಯಿಂಟಿಗೂ ನೋಡಬೇಕು. ಇಪ್ಪತ್ತು ಜಾಯಿಂಟ್ ಮುಚ್ಚಿದ ಮೇಲೆ ತಪ್ಪು ಹುಡುಕುವುದು ಬಲು ಕಷ್ಟ.

ಆಮೇಲೆ ಕವಚದ ತುದಿಗಳನ್ನು ಉಜ್ಜುಕಾಗದದಿಂದ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿ, ಬಿಸಿ ಮಾಡಿ, ಸ್ಲೀವನ್ನು ನಡುವೆ ತರುತ್ತೇವೆ. ಅದನ್ನು ಕುಗ್ಗಿಸುವ ಪ್ರೊಪೇನ್ ಜ್ವಾಲೆ ಹಳದಿಯಾಗಿ, ಮೆತ್ತಗಿರಲಿ. ಕೈ ಒಂದೆಡೆ ನಿಂತರೆ ಪ್ಲಾಸ್ಟಿಕ್ ಸುಡುತ್ತದೆ. ಅಂಚಿನ ಸುತ್ತ ಅಂಟು ಸಣ್ಣಗೆ ಹೊರಗಿಣುಕಿದರೆ ಹಿಡಿದಿದೆ ಎಂದರ್ಥ. 40 ಡಿಗ್ರಿಗಿಂತ ಕೆಳಗೆ ಆರಲು ಬಿಟ್ಟು, 0.2 ಬಾರ್ ಒತ್ತಡಕ್ಕೆ ಗಾಳಿ ತುಂಬಿ, ಅಂಚಿಗೆಲ್ಲ ಸೋಪಿನ ನೀರು ಹಚ್ಚಿ 2 ನಿಮಿಷ ನೋಡುವುದು. ಒಂದೇ ಒಂದು ಗುಳ್ಳೆ ಎದ್ದರೂ ಆ ಜಾಯಿಂಟ್ ಪಾಸಾಗಿಲ್ಲ.

ಕೊನೆಗೆ ಫೋಮ್. ಎರಡು ದ್ರವ ಬೆರೆಸಿ ತಕ್ಷಣ ಸುರಿಯಬೇಕು. ಅದು ಉಬ್ಬಿ ಗಾಳಿ ಹೋಗುವ ತೂತಿನಲ್ಲಿ ಕಾಣಿಸಿಕೊಳ್ಳಬೇಕು, ಆಗ ಜಾಗ ತುಂಬಿದೆ ಎಂದು ಗೊತ್ತಾಗುತ್ತದೆ. ಒಳಗೆ ನೀರ ಹನಿಯಿದ್ದರೆ ಆ ಎರಡು ದ್ರವಗಳಲ್ಲೊಂದಾದ ಐಸೊಸೈನೇಟ್ ಅದರೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಫೋಮ್ ಟೊಳ್ಳಾಗುತ್ತದೆ. ಉಕ್ಕು ತಣ್ಣಗಿದ್ದರೆ ಫೋಮ್ ಸರಿಯಾಗಿ ಏಳುವುದೇ ಇಲ್ಲ. ಹಾಗಾಗಿ ಮಳೆಯಲ್ಲಿ ಟೆಂಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು, ಗುತ್ತಿಗೆದಾರ ಎಷ್ಟೇ ಅವಸರಪಡಿಸಲಿ.

ಇಷ್ಟು ಪಾಡೇಕೆಂದರೆ, ಕೊಳವೆಯೊಳಗಿನ ನೀರಿನಲ್ಲಿ ಆಮ್ಲಜನಕ ತೆಗೆದಿರುತ್ತಾರೆ, ಪಿಹೆಚ್ ಏರಿಸಿ ಕ್ಷಾರೀಯವಾಗಿಸಿರುತ್ತಾರೆ. ಅದರಿಂದ ತುಕ್ಕು ಕಡಿಮೆ. ಉಕ್ಕನ್ನು ತಿನ್ನುವುದು ಹೊರಗಿನಿಂದ ಜಿನುಗಿದ ಅಂತರ್ಜಲ.

ಜಾಯಿಂಟ್ ಎಳೆತವನ್ನೂ ತಾಳಬೇಕು. ತಡೆಯಿಲ್ಲದಿದ್ದರೆ 100 ಮೀಟರ್ ಉಕ್ಕು 10ರಿಂದ 90 ಡಿಗ್ರಿಗೆ ಕಾದಾಗ 96 ಮಿ.ಮೀ. ಬೆಳೆಯುತ್ತದೆ. ಮರಳಿನ ಹಿಡಿತ ಬಹುಪಾಲು ತಡೆಯುತ್ತದೆ, ಉಳಿದದ್ದಕ್ಕೆ ತಿರುವುಗಳಲ್ಲಿ ಮೆತ್ತೆ. ಮರಳಿನಲ್ಲಿ ಕಲ್ಲಿರಬಾರದು.

ಮರಳು ಸುರಿಯುವ ಮುನ್ನ ಪ್ರತಿ ಜಾಯಿಂಟಿನವರೆಗಿನ ತಂತಿಯ ಉದ್ದ ನಕ್ಷೆಗೆ ಹೋಗಲೇಬೇಕು. ಮುಂದೊಂದು ದಿನ ತೇವ ಹೊಕ್ಕಾಗ ಉಪಕರಣ ತೋರಿಸುವುದು ತಂತಿಯುದ್ದಕ್ಕೂ ಇಷ್ಟು ಮೀಟರ್ ಎಂದಷ್ಟೇ. ರಸ್ತೆಯಲ್ಲಿ ಎಲ್ಲಿ ಅಗೆಯಬೇಕೆಂದು ಹೇಳುವುದು ನಕ್ಷೆ.